ಅಕ್ಕನ ಮದುವೆ ಫೋಟೊ ನೀನೇ ತೆಗಿ ಅಂದ್ರೆ

ಭಾಗ 1

ಲಗ್ನದ ಸೀಸನ್ ಶುರುವಾಗ್ತಿದ್ದ ಹಾಗೆ ನನ್ನ ಇನ್‌ಬಾಕ್ಸ್‌ಗೆ ಬರೋದು ಒಂದೇ ಪ್ರಶ್ನೆ, ಕೇಳೋರ ಹೆಸರು ಮಾತ್ರ ಬೇರೆ. "ಚಿಕ್ಕಪ್ಪನ ಮಗಳ ಮದುವೆ ಇದೆ. ನಿನ್ ಹತ್ರ ಒಳ್ಳೇ ಕ್ಯಾಮೆರಾ ಇದೆಯಲ್ಲ, ಫೋಟೊ ನೀನೇ ತೆಗಿ ಅಂತಿದಾರೆ. ಒಪ್ಕೊಳ್ಳಾ?"

ಚಿಕ್ಕ ಉತ್ತರ: ಮುಖ್ಯ ಫೋಟೊಗ್ರಾಫರ್ ಆಗಿ ಒಪ್ಕೋಬೇಡಿ. ಹಾಗಂತ ಕ್ಯಾಮೆರಾ ಮನೇಲಿ ಬಿಟ್ಟೂ ಹೋಗ್ಬೇಡಿ.

ಉದ್ದದ ಉತ್ತರ ಒಂದು ಕ್ಯಾಪ್ಷನ್‌ನಲ್ಲಿ ಹಿಡಿಸಲ್ಲ. 2,200 ಅಕ್ಷರ ದಾಟಿದ್ರೆ ಈ ಆ್ಯಪ್ ಬಿಡಲ್ಲ, ಅದಕ್ಕೇ ಭಾಗ ಭಾಗ ಮಾಡಿ ಹಾಕ್ತಿದೀನಿ. ಬೇಕಾದವರು ಸೇವ್ ಮಾಡ್ಕೊಳ್ಳಿ.

ನಾನು ಪ್ರೊಫೆಷನಲ್ ಏನಲ್ಲ, ನಿಮ್ಮ ಹಾಗೇ. ಹಲಸೂರಲ್ಲಿ ಮನೆ, ಕೈಯಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಕ್ಯಾಮೆರಾ, ಎರಡು ಲೆನ್ಸು. ಭಾನುವಾರ ಬೆಳಗ್ಗೆ ಶಿವಾಜಿನಗರದ ರಸೆಲ್ ಮಾರ್ಕೆಟ್ ಸುತ್ತಾಡೋದು, ಸಂಜೆ ಕೆರೆ ಏರಿ ಮೇಲೆ ಕೂತು ಹಕ್ಕಿ ಹಿಡಿಯೋದು. ನನ್ನ ಫೀಡ್ ನೋಡಿದ್ರೆ ಗೊತ್ತಾಗತ್ತೆ. ಈ ಥರ ಫೋಟೊಗೂ ಮದುವೆಗೂ ಇರೋ ವ್ಯತ್ಯಾಸ ನಮ್ಮ ನೆಂಟರಿಗೆ ಗೊತ್ತಿರಲ್ಲ. ರಸೆಲ್ ಮಾರ್ಕೆಟ್‌ನಲ್ಲಿ ಹೂವು ಕಟ್ಟೋ ಅಜ್ಜನ ಫೋಟೊ ಅಲುಗಾಡಿದ್ರೆ ಮುಂದಿನ ವಾರ ಹೋಗಿ ಮತ್ತೆ ತೆಗೀತೀನಿ. ಅವರು ಅಲ್ಲೇ ಇರ್ತಾರೆ. ಗಟ್ಟಿಮೇಳ ಮುಂದಿನ ವಾರ ಇರಲ್ಲ. ಇಷ್ಟಾದ್ರೂ "ಒಳ್ಳೇ ಕ್ಯಾಮೆರಾ ಇದ್ಮೇಲೆ ಅದೇ ತೆಗಿಯತ್ತೆ" ಅನ್ನೋದು ನಮ್ಮ ಮಾವಂದಿರ ನಂಬಿಕೆ. ಒಳ್ಳೇ ಬಾಣಲೆ ಇದ್ರೆ ಅದೇ ಹೋಳಿಗೆ ಬೇಯಿಸತ್ತೆ ಅಂತ ಮಾತ್ರ ಯಾರೂ ಹೇಳಲ್ಲ ನೋಡಿ.

ಭಾಗ 2

ನಮ್ಮ ಮನೆ ವಿಷಯನೇ ಹೇಳ್ತೀನಿ. ದೊಡ್ಡಪ್ಪನ ಮನೆ ಕೆ.ಆರ್. ಪುರದಲ್ಲಿ. ಅಕ್ಕ ಅವರಿಗೆ ಒಬ್ಬಳೇ ಮಗಳು. ಚೌಲ್ಟ್ರಿ ಬಾಡಿಗೆ, ಅಡಿಗೆಯವರು, ಒಡವೆ ಅಂತ ದೊಡ್ಡಪ್ಪನ ಪಿಎಫ್ ದುಡ್ಡೆಲ್ಲ ಆಗ್ಲೇ ಕರಗಿತ್ತು. ಎರಡು ದಿನಕ್ಕೆ ಫೋಟೊ, ವಿಡಿಯೊ, ಆಲ್ಬಂ ಸೇರಿಸಿ ಬಂದ ಕೊಟೇಷನ್ ನೋಡಿದ ರಾತ್ರಿ ನನಗೆ ಫೋನ್ ಮಾಡಿದ್ರು. "ಏನೋ, ನೀನಿದ್ದೂ ನಾನು ಹೊರಗಿನವರಿಗೆ ಅಷ್ಟು ಕೊಡ್ಬೇಕಾ?"

ಈ ಪ್ರಶ್ನೆಗೆ "ಆಗಲ್ಲ ದೊಡ್ಡಪ್ಪ" ಅನ್ನೋದು ಎಷ್ಟು ಕಷ್ಟ ಅಂತ ನಿಮಗೆ ಗೊತ್ತು. ನನ್ನ ಸ್ಕೂಲ್ ಫೀಸು ಎರಡು ವರ್ಷ ಕಟ್ಟಿದ ಮನುಷ್ಯ ಅವರು.

ಭಾನುವಾರ ಮೆಟ್ರೊ ಹತ್ತಿ ಅವರ ಮನೆಗೆ ಹೋದೆ. ಪುರೋಹಿತರು ಬರೆದುಕೊಟ್ಟ ಪಟ್ಟಿ ಟೀಪಾಯ್ ಮೇಲೆ ಇತ್ತು. ಓದ್ತಾ ಹೋದೆ: ವರಪೂಜೆ, ಕಾಶಿಯಾತ್ರೆ, ಧಾರೆ, ಮಾಂಗಲ್ಯಧಾರಣೆ, ಲಾಜಾಹೋಮ, ಸಪ್ತಪದಿ.

"ದೊಡ್ಡಪ್ಪ, ಲಾಜಾಹೋಮದಲ್ಲಿ ಅಕ್ಕನ ಕೈಗೆ ಅರಳು ಹಾಕೋದು ಯಾರು?"

"ನೀನೇ ಕಣೋ. ಇನ್ಯಾರಿದಾರೆ?"

"ಮತ್ತೆ ಆ ಹೊತ್ತಲ್ಲಿ ಫೋಟೊ ಯಾರು ತೆಗೀತಾರೆ?"

ದೊಡ್ಡಪ್ಪ ಸುಮ್ಮನಾದ್ರು. ಒಳಗಿಂದ ದೊಡ್ಡಮ್ಮ, "ಅದಕ್ಕೇ ರೀ ನಾನು ಮೊದಲೇ ಹೇಳಿದ್ದು" ಅಂದ್ರು.

ಗೊತ್ತಿಲ್ಲದವರಿಗೆ: ಲಾಜಾ ಅಂದ್ರೆ ಭತ್ತದ ಅರಳು. ಹೆಣ್ಣಿನ ಬೊಗಸೆಗೆ ಅವಳ ಅಣ್ಣನೋ ತಮ್ಮನೋ ಅರಳು ಸುರೀತಾನೆ, ಅವಳು ಅದನ್ನ ಅಗ್ನಿಗೆ ಹಾಕ್ತಾಳೆ. ದೊಡ್ಡಪ್ಪನ ಮಗಳಿಗೆ ಒಡಹುಟ್ಟಿದ ತಮ್ಮ ಇಲ್ಲ ಅಂದ್ಮೇಲೆ ಆ ಜಾಗ ನಂದು. (ಸೋದರಮಾವನ ಮಗಳಾಗಿದ್ರೆ ಈ ಪ್ರಶ್ನೆನೇ ಬರ್ತಿರ್ಲಿಲ್ಲ. ಯಾಕೆ ಅಂತ ಮನೇಲಿ ಕೇಳಿ, ನಗ್ತಾರೆ.) ನಿಮ್ಮ ಮನೆ ಪದ್ಧತೀಲಿ ಲಾಜಾಹೋಮ ಇಲ್ಲದೇ ಇರಬಹುದು. ಕಾಶಿಯಾತ್ರೆಗೆ ಹೊರಟ ಗಂಡಿಗೆ ಕೊಡೆ ಹಿಡಿಯೋದು ಇರಬಹುದು, ಹೆಣ್ಣನ್ನ ಮಂಟಪಕ್ಕೆ ಕರ್ಕೊಂಡು ಬರೋದು ಇರಬಹುದು, ಬೀಗರನ್ನ ಎದುರುಗೊಳ್ಳೋದು ಇರಬಹುದು. ಒಪ್ಕೊಳ್ಳೋ ಮುಂಚೆ ಆ ಪಟ್ಟಿ ತರಿಸಿ ನಿಮ್ಮ ಹೆಸರು ಎಲ್ಲೆಲ್ಲಿ ಬರತ್ತೆ ನೋಡಿ. ಕ್ಯಾಮೆರಾ ಹಿಂದೆ ನಿಂತವನು ಆಲ್ಬಂನಲ್ಲಿ ಇರಲ್ಲ. ಹತ್ತು ವರ್ಷ ಆದ್ಮೇಲೆ ಅಕ್ಕನ ಮಗು ಆಲ್ಬಂ ತಿರುವಿ "ಮಾವ ಬಂದೇ ಇರ್ಲಿಲ್ವಾ?" ಅಂತ ಕೇಳತ್ತೆ.

ಭಾಗ 3

ಇಲ್ಲ ಅನ್ನೋದಾದ್ರೆ ಬೇಗ ಅನ್ನಿ. ಆಷಾಢದಲ್ಲಿ ಮದುವೆ ಇಲ್ಲ, ಧನುರ್ಮಾಸದಲ್ಲಿ ಇಲ್ಲ. ಉಳಿದ ತಿಂಗಳಲ್ಲೂ ಒಳ್ಳೇ ಮುಹೂರ್ತ ಅಂತ ಇರೋದು ಕೆಲವೇ ದಿನ. ಇಡೀ ಊರಿನ ಮದುವೆಗಳು ಅದೇ ದಿನಗಳ ಮೇಲೆ ಬಂದು ಬೀಳತ್ತೆ, ಒಳ್ಳೇ ಫೋಟೊಗ್ರಾಫರ್‌ಗಳು ತಿಂಗಳುಗಟ್ಟಲೆ ಮುಂಚೆ ಬುಕ್ ಆಗಿರ್ತಾರೆ. ನೀವು "ನೋಡೋಣ" ಅಂತ ಎಳೆದು ಹದಿನೈದು ದಿನ ಇರೋವಾಗ ಕೈ ಎತ್ತಿದ್ರೆ ಅವರಿಗೆ ಯಾರೂ ಸಿಗಲ್ಲ. ಆಮೇಲೆ ಎಷ್ಟು ವರ್ಷ ಹಬ್ಬಕ್ಕೆ ಹೋದ್ರೂ ಆ ಮಾತು ಬರತ್ತೆ.

ಬರೀ ಇಲ್ಲ ಅನ್ಬೇಡಿ, ಲೆಕ್ಕ ಬಿಡಿಸಿ ಕೊಡಿ. ನಾವು ಮಾಡಿದ್ದು ಇಷ್ಟು: ಎರಡು ದಿನದ ಪ್ಯಾಕೇಜ್ ಬಿಟ್ವಿ. ಮುಹೂರ್ತದ ಬೆಳಗ್ಗೆ 5ರಿಂದ ಮಧ್ಯಾಹ್ನ 12ರವರೆಗೆ ಮಾತ್ರ ಒಬ್ಬರು ಫೋಟೊಗ್ರಾಫರ್, 18,000 ರೂಪಾಯಿಗೆ ಒಪ್ಪಿದ್ರು, ಆಲ್ಬಂ ಇಲ್ಲ, ಫೈಲ್ ಮಾತ್ರ. ಮನೇಲಿ ನಡೆಯೋ ಅರಿಶಿನ ಶಾಸ್ತ್ರ, ಬಳೆ ಶಾಸ್ತ್ರ, ಹಿಂದಿನ ದಿನ ಸಂಜೆಯ ರಿಸೆಪ್ಷನ್ ನನ್ನ ಪಾಲಿಗೆ. ಅದರಲ್ಲಿ ಏನಾದ್ರೂ ಕೈಕೊಟ್ರೂ ಪ್ರಪಂಚ ಮುಳುಗಲ್ಲ. ರಿಸೆಪ್ಷನ್‌ನಲ್ಲಿ ಗಂಡು ಹೆಣ್ಣು ಮೂರು ಗಂಟೆ ಹೊತ್ತು ಒಂದೇ ಜಾಗದಲ್ಲಿ ನಿಂತಿರ್ತಾರೆ. ಫೋಟೊ ಕಲಿಯೋರಿಗೆ ಅದಕ್ಕಿಂತ ಒಳ್ಳೇ ಪಾಠಶಾಲೆ ಇಲ್ಲ.

18,000 ಕೂಡ ಆಗಲ್ಲ ಅನ್ನೋ ಮನೆಗಳಿವೆ. ಅಲ್ಲಿ ತತ್ವ ಹೇಳ್ಕೊಂಡು ಕೂರೋಕಾಗಲ್ಲ, ಒಪ್ಕೊಳ್ಳಿ. ಒಪ್ಕೊಂಡ ಮೇಲೆ ಮಾತ್ರ ಅವತ್ತು ನೀವು ಕೆಲಸಕ್ಕೆ ಬಂದವರು. ಹೊಸ ಶರ್ಟು ಬೇಡ, ಎರಡು ಮೊಣಕಾಲೂ ಊರೋಕಾಗೋ ಪ್ಯಾಂಟು ಸಾಕು. ಪಂಕ್ತೀಲಿ ಕಸಿನ್‌ಗಳ ಜೊತೆ ಕೂರೋ ಆಸೆ ಬಿಡಿ. ಇನ್ನೊಬ್ಬರನ್ನ, ತಂಗಿಯೋ ಭಾವನೋ, ಒಳ್ಳೇ ಫೋನ್ ಇರೋರನ್ನ, ಎರಡನೇ ಕ್ಯಾಮೆರಾ ಅಂತ ಹಿಡ್ಕೊಂಡು ಬಿಡಿ. ನಿಮ್ಮ ಕ್ಯಾಮೆರಾ ನಿಂತುಹೋದ್ರೆ ಉಳಿಯೋದು ಅದೊಂದೇ. ಮತ್ತೆ ಏನು ಕೊಡ್ತೀನಿ, ಏನು ಕೊಡಲ್ಲ ಅನ್ನೋದನ್ನ ಹೆಣ್ಣು ಗಂಡು ಇಬ್ಬರ ಎದುರೇ ಹೇಳಿ. ಯೂಟ್ಯೂಬಲ್ಲಿ ನೋಡೋ ಸ್ಲೋ ಮೋಷನ್, ಡ್ರೋನು ಇದೆಲ್ಲ ಅವರ ತಲೇಲಿ ಇರತ್ತೆ. ಡ್ರೋನ್ ಅಂತೂ ನಮ್ಮ ಕಡೆ ಮಾತೇ ಎತ್ತಬೇಡಿ. ಈ ಕಡೆ ಎಚ್‌ಎಎಲ್ ವಿಮಾನ ನಿಲ್ದಾಣ, ಹಲಸೂರು ಕೆರೆ ಪಕ್ಕದಲ್ಲೇ ಸೇನೆಯ ಎಂಇಜಿ ಕೇಂದ್ರ. ಅನುಮತಿ ಇಲ್ಲದೆ ಹಾರಿಸಿದ್ರೆ ಮದುವೆ ಮನೆಗೆ ಪೊಲೀಸರು ಬರ್ತಾರೆ.

ಭಾಗ 4

ಈಗ ಬೆಳಕಿನ ವಿಷಯ. ಕ್ಯಾಮೆರಾ ಪಾಠ ಬೇಡದವರು ಮುಂದಿನ ಭಾಗಕ್ಕೆ ಹೋಗಿ.

ನಿಮ್ಮ ಕ್ಯಾಮೆರಾ ಜೊತೆ ಬಂದ 18-55 ಲೆನ್ಸನ್ನ 55ಕ್ಕೆ ಎಳೆದ್ರೆ ಅದರ ಅಪರ್ಚರ್ 5.6ಕ್ಕಿಂತ ಹೆಚ್ಚು ತೆರೆಯಲ್ಲ. 50 ಎಂಎಂ 1.8 ಅಂತ ಸಿಗೋ ಚಿಕ್ಕ ಲೆನ್ಸು ಅದರ ಸುಮಾರು ಹತ್ತು ಪಟ್ಟು ಬೆಳಕು ಒಳಗೆ ಬಿಡತ್ತೆ. ಚೌಲ್ಟ್ರಿ ಒಳಗೆ ಈ ಹತ್ತು ಪಟ್ಟೇ ಎಲ್ಲ. ಒಂದೇ ತೊಂದರೆ, ನಮ್ಮ ಚಿಕ್ಕ ಸೆನ್ಸರ್ ಕ್ಯಾಮೆರಾಗಳಲ್ಲಿ ಅದು 75-80 ಎಂಎಂ ಥರ ಕೆಲಸ ಮಾಡತ್ತೆ. ಮಂಟಪದ ದೂರಕ್ಕೆ ಚೆನ್ನ. ಬಳೆ ಶಾಸ್ತ್ರ ನಡೆಯೋ ಹತ್ತಡಿ ರೂಮಲ್ಲಿ ಬೆನ್ನು ಗೋಡೆಗೆ ಬಡಿದ್ರೂ ಎಲ್ಲರೂ ಹಿಡಿಯಲ್ಲ. ಅಲ್ಲಿಗೆ 35 ಬೇಕು, ಇಲ್ಲ ಆ 18-55ನೇ 18ಕ್ಕೆ ಇಟ್ಕೊಂಡು ಕಿಟಕಿ ಪಕ್ಕ ಕೂರಿಸಿ.

ಎಲ್‌ಇಡಿ ಕಾಟ ಇನ್ನೊಂದು. ನಮ್ಮ ಕರೆಂಟು 50 ಹರ್ಟ್ಸ್, ಅಗ್ಗದ ಎಲ್‌ಇಡಿಗಳು ಸೆಕೆಂಡಿಗೆ 100 ಸಲ ಮಿಣುಕತ್ತೆ. ಕಣ್ಣಿಗೆ ಕಾಣಲ್ಲ, ಫೋಟೊದಲ್ಲಿ ಮುಖದ ಮೇಲೆ ಅಡ್ಡಡ್ಡ ಪಟ್ಟೆ ಬರತ್ತೆ. ಶಟರ್ 1/100 ಇಡಿ, ಎಲೆಕ್ಟ್ರಾನಿಕ್ ಶಟರ್ ಆಫ್ ಮಾಡಿ. ಸದ್ದು ಬಂದ್ರೆ ಬರಲಿ, ವಾಲಗದ ಮುಂದೆ ನಿಮ್ಮ ಶಟರ್ ಯಾರಿಗೆ ಕೇಳತ್ತೆ? ಸ್ಟೇಜಿಗೆ ಡೆಕೊರೇಷನ್‌ನವರು ಹಾಕೋ ನೇರಳೆ, ಗುಲಾಬಿ ದೀಪಗಳು ಮುಖದ ಬಣ್ಣನೇ ಕೆಡಿಸತ್ತೆ, ಎಡಿಟಿಂಗ್‌ನಲ್ಲೂ ಸರಿ ಹೋಗಲ್ಲ. ಮುಹೂರ್ತದ ಒಂದು ಗಂಟೆ ಅವನ್ನ ಆರಿಸೋಕೆ ಡೆಕೊರೇಷನ್‌ನವರಿಗೆ ಹಿಂದಿನ ರಾತ್ರಿನೇ ಹೇಳಿ. ನಿಮ್ಮ ಮಾತು ಕೇಳಲ್ಲ. ಹೆಣ್ಣಿನ ಸೋದರಮಾವನ ಕೈಲಿ ಹೇಳಿಸಿ, ಕೇಳ್ತಾರೆ.

ಬಿಳಿ ಪಂಚೆ, ಬಿಳಿ ಶಲ್ಯ ನೋಡಿ ಕ್ಯಾಮೆರಾ "ಬೆಳಕು ಜಾಸ್ತಿ ಆಯ್ತು" ಅಂತ ತಿಳ್ಕೊಂಡು ಎಲ್ಲರ ಮುಖ ಕಪ್ಪು ಮಾಡತ್ತೆ. ಅಲ್ಲಿ ಎಕ್ಸ್‌ಪೋಷರ್ ಸ್ವಲ್ಪ ಏರಿಸಿ. ಗುಂಪಿನ ಫೋಟೊಗೆ 1.8ರ ಆಸೆ ಬಿಟ್ಟು 5.6ಗೆ ಬನ್ನಿ. ಇಲ್ಲಾಂದ್ರೆ ಮುಂದಿನ ಸಾಲಿನ ಬೀಗಿತ್ತಿ ಸ್ಪಷ್ಟ, ಹಿಂದೆ ನಿಂತ ನಿಮ್ಮಮ್ಮ ಮಸುಕು.

ಒಂದು ವಾರ ಮುಂಚೆ ಅದೇ ಚೌಲ್ಟ್ರಿಗೆ ಅದೇ ಹೊತ್ತಿಗೆ ಹೋಗಿ ಬನ್ನಿ. ಮ್ಯಾನೇಜರ್‌ಗೆ ಹೇಳಿದ್ರೆ ಒಳಗೆ ಬಿಡ್ತಾರೆ. ಬಿಸಿಲು ಯಾವ ಕಿಟಕಿಯಿಂದ ಬರತ್ತೆ, ಪ್ಲಗ್ ಎಲ್ಲಿದೆ, ಹೋಮದ ಹೊಗೆ ಯಾವ ಕಡೆ ಹೋಗತ್ತೆ, ಇಷ್ಟು ನೋಡಿದ್ರೆ ಸಾಕು. ಮುಹೂರ್ತ ಬೆಳಗಿನ ಜಾವ ಇದ್ರೆ ರಾತ್ರಿ ಅಲ್ಲೇ ಮಲಗಿ. ಟಿನ್ ಫ್ಯಾಕ್ಟರಿ ಹತ್ರ ಸಿಕ್ಕಿಹಾಕ್ಕೊಂಡೆ ಅನ್ನೋ ನೆಪ ತಾಳಿ ಕಟ್ಟೋ ಹೊತ್ತಿಗೆ ನಡೆಯಲ್ಲ.

ಭಾಗ 5

ಎಲ್ಲಿ ನಿಲ್ಲೋದು?

ಅಂತರಪಟ ಹಿಡಿದಾಗ ಎಲ್ಲರೂ ಹೆಣ್ಣಿನ ಕಡೆಯೋ ಗಂಡಿನ ಕಡೆಯೋ ಓಡ್ತಾರೆ. ನೀವು ಪಕ್ಕಕ್ಕೆ ಹೋಗಿ, ಬಟ್ಟೆಯ ಅಂಚು ನಿಮ್ಮ ಕಡೆ ಬರೋ ಹಾಗೆ. ಮಧ್ಯದಲ್ಲಿ ಬಟ್ಟೆ ಒಂದು ಗೆರೆ ಥರ ಕಾಣತ್ತೆ, ಆ ಕಡೆ ಒಂದು ಮುಖ, ಈ ಕಡೆ ಒಂದು ಮುಖ, ಇಬ್ಬರಿಗೂ ಇನ್ನೊಬ್ಬರು ಕಾಣಲ್ಲ, ನಿಮಗೆ ಇಬ್ಬರೂ ಕಾಣ್ತಾರೆ. (ಈ ಪೋಸ್ಟಿನ ಎರಡನೇ ಫೋಟೊ ನೋಡಿ. ಅದು ನಂದಲ್ಲ, ನಾವು ಕರೆಸಿದ ಫೋಟೊಗ್ರಾಫರ್‌ದು, ಅಕ್ಕನ ಹತ್ರಾನೂ ಅವರ ಹತ್ರಾನೂ ಕೇಳಿ ಹಾಕಿದೀನಿ.) ಬಟ್ಟೆ ಇಳೀತಿದ್ದ ಹಾಗೆ ಜೀರಿಗೆ ಬೆಲ್ಲ ಒಬ್ಬರ ತಲೆ ಮೇಲೆ ಒಬ್ಬರು ಇಡ್ತಾರೆ. ಎಷ್ಟೋ ಮನೆಗಳಲ್ಲಿ ಮುಹೂರ್ತ ಅಂದ್ರೆ ಆ ಕ್ಷಣನೇ, ತಾಳಿ ಆಮೇಲೆ. ತಾಳಿಗೆ ಅಂತ ಕಾದು ನಿಂತ್ರೆ ಇದು ತಪ್ಪಿಹೋಗತ್ತೆ, ಹಿಂದಿನ ದಿನವೇ ಪುರೋಹಿತರನ್ನ ಕೇಳಿಟ್ಕೊಳ್ಳಿ. ಅವರ ಕಾಲಿಗೆ ನಮಸ್ಕಾರ ಮಾಡಿ ಕೇಳಿದ್ರೆ "ನಾನು ಹೀಗೆ ಕೈ ಎತ್ತಿದಾಗ ರೆಡಿಯಾಗಿರು" ಅಂತ ಗುಟ್ಟೂ ಹೇಳ್ತಾರೆ.

ಗಟ್ಟಿಮೇಳ ಶುರುವಾದ ಕೂಡಲೇ ಮೂರು ಕೆಲಸ ಒಟ್ಟಿಗೆ ಆಗತ್ತೆ. ಅಕ್ಷತೆ ಹಾರಿ ಬಂದು ನಿಮ್ಮ ಲೆನ್ಸಿಗೆ ಬೀಳತ್ತೆ, ಹಿಂದಿದ್ದವರೆಲ್ಲ ಎದ್ದು ನಿಲ್ತಾರೆ, ಮೂವತ್ತು ಫೋನುಗಳು ಮೇಲೇಳತ್ತೆ. ಮೊದಲೇ ಮುಂದೆ ಬಂದು ಮೊಣಕಾಲೂರಿ ಕೂತಿದ್ರೆ ನಿಮಗೆ ಯಾರೂ ಅಡ್ಡ ಬರಲ್ಲ, ನೀವೂ ಯಾರಿಗೂ ಅಡ್ಡ ಆಗಲ್ಲ. ನೇರ ಎದುರು ಬೇಡ, ಓರೆಯಾಗಿ. ಹೆಣ್ಣಿನ ತಲೆ ಬಗ್ಗಿರತ್ತೆ, ಎದುರಿಂದ ತೆಗೆದ್ರೆ ಬರೀ ಮಲ್ಲಿಗೆ ಕಾಣತ್ತೆ.

ತಾಳಿ ಆಯ್ತು ಅಂದ ತಕ್ಷಣ ಅರ್ಧ ಸಭೆ ಊಟದ ಹಾಲಿಗೆ ಹೊರಡತ್ತೆ, ಫೋಟೊದವರು ಬ್ಯಾಟರಿ ಬದಲಾಯಿಸೋಕೆ ಹೋಗ್ತಾರೆ. ಸಪ್ತಪದಿ ನಡೆಯೋದು ಆಗಲೇ. 1955ರ ಹಿಂದೂ ವಿವಾಹ ಕಾಯ್ದೆಯ 7ನೇ ಸೆಕ್ಷನ್ ಹೇಳೋ ಪ್ರಕಾರ ಸಪ್ತಪದಿ ಇರೋ ಪದ್ಧತೀಲಿ ಏಳನೇ ಹೆಜ್ಜೆ ಇಟ್ಟಾಗಲೇ ಮದುವೆ ಪೂರ್ತಿ ಆಗೋದು. ಶಾಸ್ತ್ರಗಳು ನಡೆಯದೆ ಬರೀ ಸರ್ಟಿಫಿಕೇಟ್ ಇದ್ರೆ ಅದು ಹಿಂದೂ ಮದುವೆ ಆಗಲ್ಲ ಅಂತ 2024ರಲ್ಲಿ ಸುಪ್ರೀಂ ಕೋರ್ಟೂ ಹೇಳಿದೆ. ಸಬ್ ರಿಜಿಸ್ಟ್ರಾರ್ ಕಚೇರೀಲಿ ಮದುವೆ ನೋಂದಣಿಗೆ ಲಗ್ನಪತ್ರಿಕೆ ಜೊತೆ ಮದುವೆ ಫೋಟೊನೂ ಕೇಳ್ತಾರೆ. ಹಾಗಾಗಿ ಕಲೆ ಗಿಲೆ ಆಮೇಲೆ. ಇಬ್ಬರ ಮುಖವೂ ಸ್ಪಷ್ಟವಾಗಿ ಕಾಣೋ ಒಂದು ತಾಳಿ ಫೋಟೊ, ಒಂದು ಹಾರದ ಫೋಟೊ, ಒಂದು ಸಪ್ತಪದಿ ಫೋಟೊ ಮೊದಲು ಆಗ್ಲಿ.

ಹಲಸೂರು ಸೋಮೇಶ್ವರ ದೇವಸ್ಥಾನದಲ್ಲಿ ಈಗ ಕೆಲವು ವರ್ಷಗಳಿಂದ ಮದುವೆ ಮಾಡಿಸ್ತಿಲ್ಲ, ಗೊತ್ತಲ್ಲ? ವಿಚ್ಛೇದನ ಕೇಸುಗಳಲ್ಲಿ ಅರ್ಚಕರು ಸಾಕ್ಷಿ ಹೇಳೋಕೆ ಕೋರ್ಟಿಗೆ ಅಲೀಬೇಕಾಯ್ತು ಅನ್ನೋ ಕಾರಣ ಪತ್ರಿಕೆಗಳಲ್ಲಿ ಬಂದಿತ್ತು. ಮದುವೆ ಫೋಟೊ ಅಂದ್ರೆ ರೀಲ್ಸ್ ಮಾತ್ರ ಅಂದ್ಕೊಂಡವರಿಗೆ ಹೇಳ್ದೆ.

ಭಾಗ 6

ಈ ಭಾಗಕ್ಕೋಸ್ಕರವೇ ಇಷ್ಟೆಲ್ಲ ಬರೀತಿರೋದು.

ಹಿಂದಿನ ದಿನ ಆ ಫೋಟೊಗ್ರಾಫರ್‌ಗೆ ಒಂದು ಪಟ್ಟಿ ಕಳಿಸಿದ್ದೆ: ಯಾರ್ಯಾರ ಫೋಟೊ ಬೇಕು, ಗುರುತು ಹೇಗೆ. ಅಜ್ಜಿ ಹಸಿರು ಸೀರೆ, ಅಕ್ಕನ ಟೀಚರ್ ಕನ್ನಡಕ, ಹೀಗೆ. ಅವರು ಅಚ್ಚುಕಟ್ಟಾಗಿ ಒಬ್ಬೊಬ್ಬರನ್ನೂ ಹಿಡಿದ್ರು. ಆದ್ರೆ ಅವರ ಕೆಲಸ ಸ್ಟೇಜ್ ಮೇಲೆ. ಸ್ಟೇಜಿಗೆ ಬರದೇ ಇರೋರು ಅವರಿಗೆ ಸಿಗಲ್ಲ.

ನಮ್ಮ ಸೋದರತ್ತೆ ಸ್ಟೇಜಿಗೆ ಬರಲ್ಲ. ಮಾವ ತೀರಿಕೊಂಡು ಒಂಬತ್ತು ವರ್ಷ. ಶುಭಕಾರ್ಯದಲ್ಲಿ ಮುಂದೆ ಬರಬಾರದು ಅಂತ ಯಾರೂ ಬಾಯಿಬಿಟ್ಟು ಹೇಳಿಲ್ಲ, ಹೇಳೋ ಅಗತ್ಯ ಇಲ್ಲ ಅನ್ನೋ ಹಾಗೆ ಅವರೇ ಉಗ್ರಾಣ ಸೇರ್ಕೊಂಡುಬಿಡ್ತಾರೆ. ಎಷ್ಟು ತೆಂಗಿನಕಾಯಿ ಬಂತು, ತಾಂಬೂಲದ ಚೀಲ ಎಷ್ಟು ಖರ್ಚಾಯ್ತು, ಅಡಿಗೆಯವರಿಗೆ ಇನ್ನೂ ತುಪ್ಪ ಬೇಕಾ, ಎಲ್ಲ ಅವರ ತಲೇಲಿ. ಅಕ್ಕ ಚಿಕ್ಕವಳಿದ್ದಾಗ ದೊಡ್ಡಮ್ಮ ಕೆಲಸಕ್ಕೆ ಹೋದ್ರೆ ಅವಳನ್ನ ನೋಡ್ಕೊಂಡಿದ್ದು ಇದೇ ಅತ್ತೆ. ಮದುವೆ ಆಲ್ಬಂನಲ್ಲಿ ಅವರು ಇರಲ್ಲ ಅನ್ನೋದು ಯಾರ ಗಮನಕ್ಕೂ ಬರಲ್ಲ. ಇರಬಾರದು ಅಂತ ಯಾರೂ ತೀರ್ಮಾನ ಮಾಡಿರಲ್ಲ, ಆದ್ರೂ ಇರಲ್ಲ.

ಅರಳು ಹಾಕಿ ಆದ್ಮೇಲೆ ನನ್ನ ಕೈ ಖಾಲಿ. ಸ್ಟೇಜ್ ಮೇಲೆ ಇನ್ನೊಬ್ಬರಿದ್ರು. ಕ್ಯಾಮೆರಾ ತಗೊಂಡು ಉಗ್ರಾಣಕ್ಕೆ ಹೋದೆ. ಅತ್ತೆ ನೆಲದ ಮೇಲೆ ಕೂತು ಕೊಬ್ಬರಿ ಬಟ್ಟಲು ಎಣಿಸ್ತಿದ್ರು. "ಇಲ್ಲೇನೋ ನಿನಗೆ ಕೆಲಸ? ಹೋಗು, ಅಲ್ಲಿ ಫೋಟೊ ತೆಗಿ" ಅಂತ ಗದರಿದ್ರು. ನಾನು ಬಾಗಿಲಲ್ಲೇ ನಿಂತೆ. ಎಣಿಕೆ ತಪ್ಪತ್ತೆ ಅಂತ ಅವರು ಮತ್ತೆ ತಲೆ ಬಗ್ಗಿಸಿದ್ರು. ಹಿತ್ತಿಲ ಬಾಗಿಲಿಂದ ಬೆಳಕು ಅವರ ಕೈ ಮೇಲೆ ಬೀಳ್ತಿತ್ತು. ಅದೇ ಹೊತ್ತಿಗೆ ಅಕ್ಕ ಸೀರೆ ಬದಲಾಯಿಸೋಕೆ ಹೋಗೋಳು, ಆ ದಾರೀಲೇ ಉಗ್ರಾಣದೊಳಗೆ ಬಂದು ಅತ್ತೆ ಪಕ್ಕ ನೆಲದ ಮೇಲೇ ಕೂತುಬಿಟ್ಟಳು. ಬಾಸಿಂಗ ಇನ್ನೂ ಬಿಚ್ಚಿರ್ಲಿಲ್ಲ. ಅತ್ತೆ "ಏಳೇ, ಧಾರೆ ಸೀರೆ ಕೊಳೆ ಆಗತ್ತೆ" ಅಂತಿದಾರೆ, ಇವಳು ಏಳ್ತಿಲ್ಲ.

ಏಳು ಫೋಟೊ ತೆಗೆದೆ. ಇಲ್ಲಿ ಹಾಕಲ್ಲ, ಅತ್ತೆಗೆ ಇಷ್ಟ ಇಲ್ಲ. ಅಕ್ಕನ ಆಲ್ಬಂನಲ್ಲಿ ಮಧ್ಯದ ಎರಡು ಪುಟ ಪೂರ್ತಿ ಅದೇ ಫೋಟೊ.

ಪ್ರೊಫೆಷನಲ್‌ಗಿಂತ ನಿಮಗೆ ಜಾಸ್ತಿ ಗೊತ್ತಿರೋದು ಇಷ್ಟೇ: ನಿಮ್ಮ ಮನೇಲಿ ಯಾರು ಹಿಂದೆ ನಿಲ್ತಾರೆ, ಯಾಕೆ ನಿಲ್ತಾರೆ. ಊಟದ ಹಾಲಲ್ಲಿ ಬಡಿಸ್ತಿರೋ ಚಿಕ್ಕಪ್ಪ, ವರ್ಷಗಟ್ಟಲೆ ಮಾತು ಬಿಟ್ಟು ಅವತ್ತು ಒಂದೇ ಬೆಂಚಲ್ಲಿ ಕೂತ ಇಬ್ಬರು ಅಣ್ಣತಮ್ಮಂದಿರು, ಹೊರಗೆ ಚಪ್ಪಲಿ ಹತ್ರ ನಿಂತು ಫೋನಲ್ಲಿ ಯಾರಿಗೋ ದುಡ್ಡಿನ ಸಮಾಧಾನ ಹೇಳ್ತಿರೋ ಹೆಣ್ಣಿನ ಅಪ್ಪ. (ಆ ಕೊನೇದನ್ನ ತೆಗೀಬೇಡಿ. ನೋಡಿ ಸುಮ್ಮನೆ ಬನ್ನಿ.)

ಭಾಗ 7

ಇದೆಲ್ಲ ನಮ್ಮ ಮನೆ ಪದ್ಧತಿ ಆಯ್ತು. ನಮ್ಮ ಕ್ಲಾಸಲ್ಲಿ ಎಲ್ಲ ಥರದ ಮನೆಯವರಿದೀವಿ, ಅದು ಈ ಕಡೆಯ ಭಾಗ್ಯ. ಹಲಸೂರಿನ ತಮಿಳು ಮನೇಲಿ ಊಂಜಲ್ ತೂಗೋವಾಗ ಎಲ್ಲಿ ನಿಲ್ಲಬೇಕು ಅಂತ ನನ್ನ ಕೇಳ್ಬೇಡಿ, ಆ ಮನೆ ಅತ್ತೆಯಂದಿರನ್ನ ಕೇಳಿ.

ಶಿವಾಜಿನಗರದ ನಮ್ಮ ಕ್ಲಾಸ್‌ಮೇಟ್ ಒಬ್ಬಳು (ಹೆಸರು ಬೇಡ ಅಂದಿದಾಳೆ) ಅವಳ ಆಪಾ ನಿಕಾಹ್‌ಗೆ ಫೋಟೊ ತೆಗೆದಳು. ಅವರಲ್ಲಿ ಹೆಂಗಸರ ಕಡೆ ಗಂಡಸು ಫೋಟೊಗ್ರಾಫರ್ ಬರೋ ಹಾಗಿಲ್ಲ. ಹಾಗಾಗಿ ಅವಳ ಕ್ಯಾಮೆರಾ ಇಲ್ಲದಿದ್ರೆ ಆ ಅರ್ಧ ಮದುವೆಯ ಫೋಟೊನೇ ಇಲ್ಲ. ನಾನು ಮೊದಲನೇ ಭಾಗದಲ್ಲಿ ಹೇಳಿದ ನಿಯಮ ಅಲ್ಲಿ ತಲೆಕೆಳಗು: ಮನೆ ಹುಡುಗಿನೇ ಬೇಕು. ಅವಳು ಹೇಳಿದ್ದು ಏನಂದ್ರೆ, ಹೆಣ್ಣಿನ ಒಪ್ಪಿಗೆ ಕೇಳೋದು, ಅವಳು ಸಹಿ ಹಾಕೋದು ಎರಡೇ ನಿಮಿಷದಲ್ಲಿ ಮುಗಿದುಹೋಗತ್ತೆ, ಸುತ್ತ ಹೆಂಗಸರು ಮುತ್ತಿರ್ತಾರೆ, ಅದಕ್ಕೇ ಅವಳು ಹಾಸಿಗೆ ಮೇಲೆ ಆಪಾ ಪಕ್ಕವೇ ಮೊದಲೇ ಜಾಗ ಹಿಡಿದು ಕೂತಿದ್ದಳು. ಮೆಮೊರಿ ಕಾರ್ಡ್ ಅವತ್ತು ರಾತ್ರಿನೇ ಆಪಾ ಕೈಗೆ. ಅವಳ ಲ್ಯಾಪ್‌ಟಾಪ್‌ನಲ್ಲೂ ಒಂದು ಕಾಪಿ ಇಲ್ಲ, ಬೇಕಂತಲೇ ಇಟ್ಕೊಂಡಿಲ್ಲ. ಪರದೆಯೊಳಗಿನ ಫೋಟೊ ಹೊರಗೆ ಹೋಗಲ್ಲ ಅನ್ನೋ ನಂಬಿಕೆ ಮೇಲೆ ಅಲ್ಲಿದ್ದವರೆಲ್ಲ ದುಪಟ್ಟಾ ಸರಿಸಿ ನಕ್ಕಿದ್ರು.

ಚರ್ಚ್ ಮದುವೆ ಆದ್ರೆ, ಸೇಂಟ್ ಮೇರಿಸ್ ಬೆಸಿಲಿಕಾದಂಥ ದೊಡ್ಡ ಕಡೆ ಆಗಲಿ ಚಿಕ್ಕ ಚಾಪೆಲ್ ಆಗಲಿ, ಮೊದಲೇ ಫಾದರ್‌ನ ಭೇಟಿ ಮಾಡಿ. ಫ್ಲಾಶ್ ಬಳಸಬಹುದಾ, ಯಾವ ಗೆರೆ ದಾಟಬಾರದು ಅಂತ ಕೇಳಿ. ಉಂಗುರ ಹಾಕೋದಕ್ಕೆ ಎಲ್ಲರೂ ರೆಡಿ ಇರ್ತಾರೆ, ರಿಜಿಸ್ಟರ್‌ಗೆ ಸಹಿ ಹಾಕೋದು ಮರೀತಾರೆ.

ಭಾಗ 8

ಮದುವೆ ಮುಗಿದ ರಾತ್ರಿ ಸುಸ್ತಾಗಿರತ್ತೆ. ಆದ್ರೂ ಮಲಗೋ ಮುಂಚೆ ಎರಡು ಕಡೆ ಕಾಪಿ ಮಾಡಿ. 24 ಮೆಗಾಪಿಕ್ಸೆಲ್ ಕ್ಯಾಮೆರಾದ ಒಂದು ರಾ ಫೈಲು ಸುಮಾರು 25-30 ಎಂಬಿ, ಸಾವಿರ ಫೋಟೊಗೆ 30 ಜಿಬಿ ಹತ್ರ. ಒಂದು ಲ್ಯಾಪ್‌ಟಾಪ್‌ಗೆ, ಒಂದು ಹಾರ್ಡ್ ಡಿಸ್ಕ್‌ಗೆ, ಎರಡನ್ನೂ ತೆರೆದು ನೋಡೋ ತನಕ ಕಾರ್ಡ್ ಫಾರ್ಮ್ಯಾಟ್ ಇಲ್ಲ. ದೊಡ್ಡ ಒಂದು ಕಾರ್ಡಿಗಿಂತ ಚಿಕ್ಕ ಮೂರು ಕಾರ್ಡ್ ಮೇಲು, ಒಂದು ಸತ್ತರೆ ಎರಡು ಉಳಿಯತ್ತೆ.

ನಮ್ಮ ತಾತನ ಕಾಲದ ಚೌಕದ ಫೋಟೊ ಕ್ಯಾಮೆರಾಗಳಲ್ಲಿ ಒಂದು ರೋಲಿಗೆ 12 ಫೋಟೊ. ಆಮೇಲೆ 36 ಬಂತು. ತಾತನ ಮದುವೆಯದು ಇರೋದು ಒಟ್ಟು ಒಂಬತ್ತು, ಯಾರ್ಯಾರು ಎಲ್ಲಿ ನಿಂತಿದಾರೆ ಅಂತ ಮನೆಯವರಿಗೆಲ್ಲ ಬಾಯಿಪಾಠ. ನೀವು ಎರಡು ಸಾವಿರ ಕೊಟ್ರೆ ಯಾರೂ ನೋಡಲ್ಲ. ಮುನ್ನೂರು ಆರಿಸಿ. ಕಣ್ಣು ಮುಚ್ಚಿದ್ದು, ಬಾಯಲ್ಲಿ ಲಾಡು ಇರೋದು, ಜಗಳದ ಮುಖ ಎಲ್ಲ ನೀವೇ ಅಳಿಸಿ, ಯಾರಿಗೂ ತೋರಿಸ್ಬೇಡಿ. ಆರಿಸಿದ್ದರಲ್ಲಿ ಎರಡೂ ಕಡೆಯವರು ಸಮ ಇದಾರಾ ಎಣಿಸಿ. ಬೀಗರು ಎಣಿಸ್ತಾರೆ, ನಂಬಿ.

ಎಡಿಟ್ ಮಾಡ್ತಾ ಕೂತಾಗ ಯಾರಾದ್ರೂ ಅತ್ತೆ ಬಂದು ಹಿಂದೆ ನಿಲ್ತಾರೆ. "ಹುಡುಗೀನ ಸ್ವಲ್ಪ ಬೆಳ್ಳಗೆ ಮಾಡಪ್ಪ." ಮಾಡ್ಬೇಡಿ. ಇದರಲ್ಲಿ ನಾನು ರಾಜಿ ಆಗಲ್ಲ. ಬೆಳಕು ಕಮ್ಮಿ ಇದ್ರೆ ಏರಿಸಿ, ಮೇಕಪ್‌ನವರು ಕುತ್ತಿಗೆ ಒಂದು ಬಣ್ಣ, ಮುಖ ಒಂದು ಬಣ್ಣ ಮಾಡಿದ್ರೆ ಸರಿದೂಗಿಸಿ. ಚರ್ಮದ ಬಣ್ಣ ಅವಳ ಅಪ್ಪ ಅಮ್ಮ ಕೊಟ್ಟಿದ್ದು. ನೇರ ಹೇಳೋಕಾಗದಿದ್ರೆ "ಈ ಸಾಫ್ಟ್‌ವೇರ್‌ನಲ್ಲಿ ಬರಲ್ಲ ಅತ್ತೆ" ಅನ್ನಿ, ನಾನು ಹಾಗೇ ಅನ್ನೋದು.

ಭಾಗ 9

ಕೊನೇದು, ಪೋಸ್ಟ್ ಮಾಡೋ ವಿಷಯ. "ನಾನು ತೆಗೆದಿದ್ದು, ನಾನು ಹಾಕ್ಕೋತೀನಿ" ಅಂತ ಮೂರು ಜನ ವಾದ ಮಾಡಿದೀರ, ಅದಕ್ಕೇ ಹುಡುಕಿ ಓದಿದೆ. 1957ರ ಕಾಪಿರೈಟ್ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ದುಡ್ಡು ಕೊಟ್ಟು ತೆಗೆಸಿದ ಫೋಟೊಗೆ, ಬೇರೆ ಒಪ್ಪಂದ ಇಲ್ಲದಿದ್ರೆ, ತೆಗೆಸಿದವರೇ ಮೊದಲ ಮಾಲೀಕರು. ಪುಕ್ಕಟೆ ತೆಗೆದಿದ್ರೆ ಹಕ್ಕು ತೆಗೆದವರದ್ದು. ಹಾಗಾಗಿ ಕಾಗದದ ಮೇಲೆ ನಿಮ್ಮ ವಾದ ಸರಿ. ಆದ್ರೆ ನೀವು ಕೋರ್ಟಿಗೆ ಹೋಗ್ತಿಲ್ಲ, ಮುಂದಿನ ಯುಗಾದಿಗೆ ಅದೇ ಮನೆಗೆ ಒಬ್ಬಟ್ಟು ತಿನ್ನೋಕೆ ಹೋಗ್ತಿದೀರ. ಹೆಣ್ಣು ಗಂಡು ಮೊದಲ ಫೋಟೊ ಹಾಕೋ ತನಕ ನೀವು ಹಾಕ್ಬೇಡಿ, ಮಕ್ಕಳ ಫೋಟೊ ಅವರ ಅಪ್ಪ ಅಮ್ಮನ್ನ ಕೇಳದೆ ಬೇಡ. ಡಿಜೆ ಹೊತ್ತಲ್ಲಿ ಕುಣಿದವರ ವಿಡಿಯೊ ಅಂತೂ ಅವರು ಕೇಳಿದ್ರೂ ಎರಡು ದಿನ ಬಿಟ್ಟು ಕೊಡಿ.

ಆಲ್ಬಂ ದುಬಾರಿ ಅನ್ನಿಸಿದ್ರೆ ನೂರು ಫೋಟೊ ಚಿಕ್ಕ ಸೈಜಲ್ಲಿ ಪ್ರಿಂಟ್ ಹಾಕಿಸಿ. ಪೆನ್ ಡ್ರೈವ್ ಕೊಟ್ರೆ ಅದು ಬೀರು ಸೇರತ್ತೆ. ದೊಡ್ಡಪ್ಪನ ಮನೇಲಿ ಪ್ರಿಂಟುಗಳ ಡಬ್ಬ ಟಿವಿ ಪಕ್ಕ ಇದೆ, ಬಂದ ನೆಂಟರೆಲ್ಲ ತಮ್ಮದು ಒಂದೊಂದು ಎತ್ಕೊಂಡು ಹೋಗಿ ಈಗ ಅರ್ಧ ಖಾಲಿ. ಮೊನ್ನೆ ಫೋನ್ ಮಾಡಿ, "ಅರಳು ಹಾಕ್ತಿರೋದು ಇನ್ನೊಂದು ಪ್ರಿಂಟ್ ಹಾಕ್ಸೋ, ನಿಮ್ಮಜ್ಜಿ ತಗೊಂಡ್ರು" ಅಂದ್ರು.

ಪ್ರಶ್ನೆ ಇದ್ರೆ ಕಾಮೆಂಟ್‌ನಲ್ಲಿ ಕೇಳಿ, ಮದುವೆ ತಾರೀಕು, ಯಾವ ಚೌಲ್ಟ್ರಿ ಅಂತಾನೂ ಬರೀರಿ, ಅಲ್ಲಿ ಮುಂಚೆ ತೆಗೆದವರು ಯಾರಾದ್ರೂ ಇದ್ರೆ ಬೆಳಕು ಹೇಗಿದೆ ಅಂತ ಹೇಳ್ತಾರೆ. 50 ಎಂಎಂ ಲೆನ್ಸ್ ಸಾಲ ಕೇಳಿ ಮೆಸೇಜ್ ಮಾಡ್ಬೇಡಿ. ಅದು ಮುಂದಿನ ಎರಡು ಭಾನುವಾರಕ್ಕೆ ಇಂದಿರಾನಗರದ ಒಬ್ಬ ಗೆಳೆಯನ ತಂಗಿ ಮದುವೆಗೆ ಹೋಗ್ತಿದೆ. ಅವನಿಗೂ ಕೇಳಿದೀನಿ, "ಅರಳು ಹಾಕೋದು ಯಾರೋ?" ಅಂತ. ಮನೇಲಿ ಕೇಳಿ ಹೇಳ್ತೀನಿ ಅಂದಿದಾನೆ.